ಸೂತ್ರದಲ್ಲಿ ಬೇಕಾದ ಅಕ್ಷರವನ್ನು ಒಂಟಿ ಮಾಡುವುದು: ಮಕ್ಕಳು ಎಡವುವುದು ಎಲ್ಲಿ, ತಿದ್ದುವುದು ಹೇಗೆ?

ಪಿಜೆ_ಬಡಾವಣೆ_ಟ್ಯೂಷನ್ (ದಾವಣಗೆರೆ) ಕೇಳಿದ್ದು:

ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯುಸಿ ಮಕ್ಕಳಿಗೆ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತೇನೆ. ಸೂತ್ರಗಳೆಲ್ಲ ಬಾಯಿಪಾಠ ಇವೆ. ಬೆಲೆ ಕೊಟ್ಟು ಎಡಬದಿಯಲ್ಲಿರುವುದನ್ನೇ ಕೇಳಿದರೆ ತಟ್ಟನೆ ಉತ್ತರ ಬರುತ್ತದೆ. ಅದೇ ಸೂತ್ರದ ಒಳಗಿರುವ ಇನ್ನೊಂದು ಅಕ್ಷರವನ್ನು ಕೇಳಿದರೆ ಪೆನ್ನು ನಿಂತುಬಿಡುತ್ತದೆ, ಇಲ್ಲವೇ ಕೆಳಗಿನ ಹಾಗೆ ಓಡುತ್ತದೆ. (ಫೋನಿನಲ್ಲಿ ಬರೆಯುತ್ತಿರುವುದರಿಂದ ಅಕ್ಷರಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ.)

ಮೊದಲನೆಯದು ಸರಳ ಬಡ್ಡಿ. ಮೊ ಎಂದರೆ ಮೊತ್ತ, ಅ ಅಸಲು, ದ ದರ, ಕಾ ಕಾಲ.

ಮೊ = ಅ + (ಅ × ದ × ಕಾ)/100

ಅಸಲು ಕಂಡುಹಿಡಿ ಎಂದರೆ "ಅ = ಮೊ − (ಅ × ದ × ಕಾ)/100" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದು ಮುಗಿಸುತ್ತಾರೆ.

ಎರಡನೆಯದು ಚಲನೆಯ ಸಮೀಕರಣ. ಅಂ ಅಂತಿಮ ವೇಗ, ಆ ಆರಂಭಿಕ ವೇಗ, ವೇ ವೇಗೋತ್ಕರ್ಷ, ದೂ ದೂರ.

ಅಂ² = ಆ² + 2 × ವೇ × ದೂ

ಇದರಲ್ಲಿ ಆರಂಭಿಕ ವೇಗ ಕೇಳಿದರೆ "ಆ = ಅಂ − √(2 × ವೇ × ದೂ)" ಬರುತ್ತದೆ.

ಮೂರನೆಯದು ಸಮಾಂತರ ಜೋಡಣೆಯ ರೋಧಗಳು. ರೋ ಒಟ್ಟು ರೋಧ, ರೋ₁ ಮತ್ತು ರೋ₂ ಜೋಡಿಸಿದ ಎರಡು ರೋಧಗಳು.

1/ರೋ = 1/ರೋ₁ + 1/ರೋ₂

ಇಲ್ಲಿ ರೋ₁ ಕೇಳಿದರೆ "ರೋ₁ = ರೋ − ರೋ₂" ಎಂದು ಎಲ್ಲವನ್ನೂ ಒಂದೇ ಏಟಿಗೆ ತಿರುಗಿಸಿಬಿಡುತ್ತಾರೆ.

"ಪಕ್ಷಾಂತರ ಮಾಡಿದರೆ ಚಿಹ್ನೆ ಬದಲು" ಎನ್ನುವುದು ಎಲ್ಲರಿಗೂ ಗೊತ್ತು, ಆದರೂ ಹೀಗಾಗುತ್ತದೆ. ಇಂಥ ತಪ್ಪುಗಳನ್ನೆಲ್ಲ ಹಿಡಿಯುವ ಒಂದೇ ಕ್ರಮ ಇದೆಯೇ? ಜೊತೆಗೆ, ಮೊದಲು ಬೆಲೆಗಳನ್ನು ಆದೇಶಿಸಿ ಆಮೇಲೆ ಬಿಡಿಸುವುದು ಒಳ್ಳೆಯದೋ, ಮೊದಲು ಸೂತ್ರವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದೋ?

ಕೋಟೆನಾಡು_ಗಣಿತ (ಚಿತ್ರದುರ್ಗ):

ಸರ್, ಮೂರೂ ತಪ್ಪಿನ ಬೇರು ಒಂದೇ. "ಆ ಕಡೆ ಹೋದರೆ ಚಿಹ್ನೆ ಬದಲು" ಎಂಬುದನ್ನು ಮಕ್ಕಳು ಅಕ್ಷರಗಳ ಓಡಾಟ ಎಂದು ತಿಳಿದಿರುತ್ತಾರೆ. ಅಲ್ಲಿ ಯಾವುದೂ ಓಡಾಡುವುದಿಲ್ಲ. ಸಮಚಿಹ್ನೆಯ ಎರಡೂ ಬದಿಯಲ್ಲಿರುವುದು ಒಂದೇ ಸಂಖ್ಯೆ. ಎರಡೂ ಬದಿಗೆ, ಇಡೀ ಬದಿಗೆ, ಒಂದೇ ಕ್ರಿಯೆ ಮಾಡಿದರೆ ಮಾತ್ರ ಸಮವಾಗಿ ಉಳಿಯುತ್ತವೆ. ಪಕ್ಷಾಂತರ ಎನ್ನುವುದು ಕೂಡುವ, ಕಳೆಯುವ ಕ್ರಿಯೆಗೆ ಮಾತ್ರ ಹೊಂದುವ ಸಂಕ್ಷೇಪ. ಅದನ್ನು ವರ್ಗಕ್ಕೂ ವ್ಯುತ್ಕ್ರಮಕ್ಕೂ (ಭಿನ್ನರಾಶಿಯನ್ನು ತಲೆಕೆಳಗು ಮಾಡುವುದಕ್ಕೂ) ಎಳೆದಾಗ ಮೇಲಿನಂಥವು ಹುಟ್ಟುತ್ತವೆ.

ಕೆಲಸಕ್ಕೆ ಬರುವ ಕ್ರಮ ಇದು. ಬೇಕಾದ ಅಕ್ಷರಕ್ಕೆ ಏನೇನಾಯಿತು ಎಂದು ಆದ ಕ್ರಮದಲ್ಲೇ ಒಂದರ ಕೆಳಗೊಂದು ಬರೆಸಿ. ಆಮೇಲೆ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ, ಪ್ರತಿಯೊಂದರ ವಿಲೋಮ ಕ್ರಿಯೆಯಿಂದ ಬಿಚ್ಚಿಸಿ. ಮೆಕ್ಕೆಜೋಳವನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಲಾರಿಗೆ ಹೇರಿದ್ದರೆ ಎಪಿಎಂಸಿಯಲ್ಲಿ ಮೊದಲು ಲಾರಿಯಿಂದ ಇಳಿಸುತ್ತಾರೆ, ಆಮೇಲೆ ಹೊಲಿಗೆ ಬಿಚ್ಚುತ್ತಾರೆ, ಕಾಳು ಸುರಿಯುವುದು ಕೊನೆಗೆ. ಕ್ರಮವೂ ತಿರುಗಬೇಕು, ಕೆಲಸವೂ ತಿರುಗಬೇಕು. ಒಂದನ್ನಷ್ಟೇ ತಿರುಗಿಸಿದರೆ ಸಾಲದು.

ಉಷ್ಣಾಂಶದ ಸೂತ್ರದಲ್ಲಿ ನೋಡಿ:

ಫ್ಯಾ = (9 × ಸೆ)/5 + 32

ಸೆಲ್ಸಿಯಸ್‌ಗೆ ಆದದ್ದು: 9ರಿಂದ ಗುಣಿಸಿದೆ, 5ರಿಂದ ಭಾಗಿಸಿದೆ, 32 ಕೂಡಿದೆ. ಹಿಂದಕ್ಕೆ ಬಂದರೆ: 32 ಕಳೆ, 5ರಿಂದ ಗುಣಿಸು, 9ರಿಂದ ಭಾಗಿಸು.

ಸೆ = 5 × (ಫ್ಯಾ − 32)/9

ಇಲ್ಲಿ ಆವರಣ ಯಾಕೆ ಬಂತು ಎಂದು ಮಕ್ಕಳನ್ನೇ ಕೇಳಿ. 32 ಕಳೆದ ಮೇಲೆ ಉಳಿದ ಇಡೀ ಬದಿಯನ್ನು 5ರಿಂದ ಗುಣಿಸುತ್ತಿದ್ದೇವೆ, ಅದಕ್ಕೆ. ಆವರಣ ಬಿಟ್ಟು "ಸೆ = 5ಫ್ಯಾ/9 − 32" ಎಂದು ಬರೆದರೆ 104 ಡಿಗ್ರಿ ಫ್ಯಾರನ್‌ಹೀಟ್‌ಗೆ 25.8 ಬರುತ್ತದೆ. ಸರಿಯಾದದ್ದು 40. ನಮ್ಮ ಕಡೆಯ ಏಪ್ರಿಲ್ ಬಿಸಿಲನ್ನು 25.8 ಎಂದರೆ ಯಾವ ಹುಡುಗನೂ ಒಪ್ಪುವುದಿಲ್ಲ. ತಪ್ಪು ತಾನಾಗಿ ಎದ್ದು ಕಾಣುತ್ತದೆ.

ಈ ವಿಲೋಮ ಕ್ರಮ ನಮ್ಮಲ್ಲಿ ಹಳೆಯದೇ. ಗುಣಕ ಭಾಜಕವಾಗುತ್ತದೆ, ಭಾಜಕ ಗುಣಕವಾಗುತ್ತದೆ, ಕೂಡಿದ್ದು ಕಳೆಯುವುದಾಗುತ್ತದೆ ಎಂಬ ನಿಯಮವನ್ನು ಆರ್ಯಭಟ 499ರಲ್ಲೇ ಒಂದು ಶ್ಲೋಕದಲ್ಲಿ ಹೇಳಿದ್ದಾನೆ. ತರಗತಿಯಲ್ಲಿ ಹೇಳಿದರೆ ಮಕ್ಕಳು ಕಿವಿಗೊಟ್ಟು ಕೇಳುತ್ತಾರೆ.

ಈಗ ನಿಮ್ಮ ಎರಡನೆಯ ಲೆಕ್ಕ. 'ಆ'ಗೆ ಆದದ್ದು: ವರ್ಗ ಮಾಡಿದೆ, ಆಮೇಲೆ 2 × ವೇ × ದೂ ಕೂಡಿದೆ. ಬಿಚ್ಚುವಾಗ ಮೊದಲು ಕಳೆಯಬೇಕು, ಆಮೇಲೆ ವರ್ಗಮೂಲ.

ಆ² = ಅಂ² − 2 × ವೇ × ದೂ
ಆ = √(ಅಂ² − 2 × ವೇ × ದೂ)

ಹುಡುಗರು ಮಾಡಿದ್ದು ಮೊದಲು ವರ್ಗಮೂಲ, ಅದೂ ತುಂಡುತುಂಡಾಗಿ. ವರ್ಗಮೂಲದ ಚಿಹ್ನೆ ಕೂಡಿಸಿದ, ಕಳೆದ ಪದಗಳೊಳಗೆ ಹಂಚಿಕೊಳ್ಳುವುದಿಲ್ಲ. ಗುಣಾಕಾರ, ಭಾಗಾಕಾರಕ್ಕೆ ಮಾತ್ರ ಹಂಚಿಕೊಳ್ಳುತ್ತದೆ. ತೋರಿಸಲು 3, 4, 5 ಸಾಕು. ಆ = 3, ವೇ = 2, ದೂ = 4 ಇಟ್ಟರೆ 9 + 16 = 25, ಅಂ = 5. ಸರಿಯಾದ ಸೂತ್ರ 3 ಕೊಡುತ್ತದೆ. ಅವರದು 5 − 4 = 1 ಕೊಡುತ್ತದೆ.

ಇದೇ ಜಾತಿಯ ಇನ್ನೊಂದು ತಪ್ಪು ಪಿಯುಸಿಯಲ್ಲಿ ಬಹಳ. ಲೋಲಕದ ಆಂದೋಲನ ಕಾಲ ಕಾ = 2 × ಪೈ × √(ಉ/ಗು). ಉ ಲೋಲಕದ ಉದ್ದ, ಗು ಗುರುತ್ವ ವೇಗೋತ್ಕರ್ಷ. ಉದ್ದ ಬೇಕು. ಇಲ್ಲಿ ಕೊನೆಯ ಕ್ರಿಯೆ 2 × ಪೈ ಇಂದ ಗುಣಿಸಿದ್ದು, ಆದ್ದರಿಂದ ಮೊದಲು ಭಾಗಿಸಿ, ಆಮೇಲೆ ವರ್ಗ ಮಾಡಬೇಕು.

ಉ = ಗು × (ಕಾ/(2 × ಪೈ))²

ಮೊದಲೇ ವರ್ಗ ಮಾಡಲು ಹೋದವರು 2 × ಪೈ ಅನ್ನು ವರ್ಗ ಮಾಡದೆ ಬಿಡುತ್ತಾರೆ: ಉ = ಗು × ಕಾ²/(2 × ಪೈ). ಕಾ = 2 ಸೆಕೆಂಡ್, ಗು = 9.8 ಇಟ್ಟು ನೋಡಿ. ಸರಿಯಾದ ಸೂತ್ರದಲ್ಲಿ ಉದ್ದ 0.993 ಮೀಟರ್, ತಪ್ಪಿನಲ್ಲಿ 6.24 ಮೀಟರ್, ಅಂದರೆ ಲ್ಯಾಬಿನ ಚಾವಣಿಗೂ ಮೇಲೆ.

ಮೂರನೆಯದರಲ್ಲಿ ವ್ಯುತ್ಕ್ರಮ ಕೂಡ ಇಡೀ ಬದಿಗೆ ಮಾಡುವ ಕ್ರಿಯೆ. ಬಲಬದಿಯಲ್ಲಿ ಎರಡು ಭಿನ್ನರಾಶಿಗಳಿದ್ದರೆ ಅವನ್ನು ಒಂದು ಭಿನ್ನರಾಶಿ ಮಾಡುವವರೆಗೆ ತಿರುಗಿಸಲು ಅಪ್ಪಣೆ ಇಲ್ಲ.

1/ರೋ₁ = 1/ರೋ − 1/ರೋ₂
1/ರೋ₁ = (ರೋ₂ − ರೋ)/(ರೋ × ರೋ₂)
ರೋ₁ = (ರೋ × ರೋ₂)/(ರೋ₂ − ರೋ)

6 ಓಮ್ ಮತ್ತು 3 ಓಮ್ ಸಮಾಂತರವಾಗಿ ಜೋಡಿಸಿದರೆ 2 ಓಮ್. ರೋ = 2, ರೋ₂ = 3 ಇಟ್ಟರೆ ರೋ₁ = 6/1 = 6, ಸರಿ. ಅವರ ಸೂತ್ರದಲ್ಲಿ 2 − 3 = −1 ಓಮ್. ದರ್ಪಣ ಮತ್ತು ಮಸೂರದ ಸೂತ್ರಕ್ಕೂ ಇದೇ ಮಾತು. ಅಲ್ಲಿ ಚಿಹ್ನೆಗಳ ನಿಯಮ ಬೇರೆ ಸೇರಿಕೊಳ್ಳುವುದರಿಂದ ಮೊದಲ ಅಭ್ಯಾಸಕ್ಕೆ ರೋಧಗಳೇ ಒಳ್ಳೆಯವು.

ಮೊದಲನೆಯದನ್ನು ಕೊನೆಗೆ ಇಟ್ಟುಕೊಂಡೆ, ಏಕೆಂದರೆ ಅದು ಬೇರೆ ಜಾತಿಯದು. ಅಸಲು ಎರಡು ಜಾಗದಲ್ಲಿದೆ. ಎರಡು ಜಾಗದಲ್ಲಿರುವ ಅಕ್ಷರಕ್ಕೆ "ಏನೇನಾಯಿತು" ಎಂಬ ಪಟ್ಟಿಯನ್ನು ಬರೆಯಲಾಗದು. ಬಿಚ್ಚುವ ಮೊದಲು ಅದನ್ನು ಒಂದೇ ಜಾಗಕ್ಕೆ ತರಬೇಕು, ಅಂದರೆ ಸಾಮಾನ್ಯ ಅಪವರ್ತನವಾಗಿ ಹೊರಗೆ ತೆಗೆಯಬೇಕು.

ಮೊ = ಅ × (1 + ದ × ಕಾ/100)
ಅ = (100 × ಮೊ)/(100 + ದ × ಕಾ)

59,000 ರೂಪಾಯಿ ಮೊತ್ತ, ದರ 9, ಕಾಲ 2 ವರ್ಷ: 59,00,000/118 = 50,000. ಇಲ್ಲಿ ಇನ್ನೊಂದು ಗುಂಡಿ ಇದೆ. ಛೇದ ತೆಗೆಯಲು 100ರಿಂದ ಗುಣಿಸುವಾಗ ಒಂದು ಪದವನ್ನು ಮರೆತು "100ಮೊ = ಅ + ಅ × ದ × ಕಾ" ಎಂದು ಬರೆಯುತ್ತಾರೆ. ಹಾಗೆ ಮಾಡಿದರೆ ಅಸಲು 3,10,526 ಬರುತ್ತದೆ. ಮೊತ್ತಕ್ಕಿಂತ ಅಸಲೇ ದೊಡ್ಡದಾದರೆ ಉತ್ತರ ತಪ್ಪು ಎಂದು ನೋಡಿದ ಕೂಡಲೇ ಹೇಳಬಹುದು. ಓರೆ ಗುಣಾಕಾರವನ್ನು ಎರಡೂ ಬದಿಯಲ್ಲಿ ಒಂದೊಂದೇ ಭಿನ್ನರಾಶಿ ಇದ್ದಾಗ ಮಾತ್ರ ಬಳಸಿ ಎಂದು ಗಟ್ಟಿಯಾಗಿ ಹೇಳಿಡಿ.

ಎರಡು ಗೆರೆ ಎಳೆಯುವ ಮುಂಚೆ ಮಾಡಬೇಕಾದ ಪರೀಕ್ಷೆ: ಬೇಕಾದ ಅಕ್ಷರ ಒಂದು ಬದಿಯಲ್ಲಿ ಒಂದೇ ಸಲ, ಇನ್ನೊಂದು ಬದಿಯಲ್ಲಿ ಎಲ್ಲೂ ಇರಬಾರದು. ಆಮೇಲೆ ಸಣ್ಣ ಸಂಖ್ಯೆ ಇಟ್ಟು ತಾಳೆ ನೋಡಬೇಕು. ತಾಳೆಗೆ 0, 1, 2 ಬೇಡ. 2 + 2, 2 × 2, 2² ಮೂರೂ ಒಂದೇ ಆದ್ದರಿಂದ ತಪ್ಪು ಸೂತ್ರವೂ ಪಾಸಾಗಿಬಿಡುತ್ತದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಬೆಲೆ: 3, 5, 7 ಹೀಗೆ.

ಬೋರ್‌ವೆಲ್_ಚಳ್ಳಕೆರೆ:

ಮೇಷ್ಟ್ರು ಹೇಳಿದ್ದು ಸರಿ ಐತ್ರಿ. ಒಂದು ಮಾತು ಸೇರಿಸ್ತೀನಿ: ಸೂತ್ರದಾಗೆ ಇರೋ ಸಂಖ್ಯೆಗಳ ಒಳಗೆ ಮಾನಗಳು ಅಡಗಿರ್ತಾವು. ಸೂತ್ರ ಸರಿಯಾಗಿ ತಿರುಗಿಸಿದ್ರೂ ಅಲ್ಲಿ ಕಾಲು ಜಾರ್ತೈತಿ.

ಪಂಪಿನ ಲೆಕ್ಕ ತಗೊಳ್ರಿ. ನೀ ಅಂದ್ರೆ ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎ ಅಂದ್ರೆ ಎತ್ತರ ಮೀಟರಿನಲ್ಲಿ, ದಕ್ಷ ಅಂದ್ರೆ ದಕ್ಷತೆ.

ಹೆಚ್‌ಪಿ = (ನೀ × ಎ)/(75 × ದಕ್ಷ)

ನೀರು ಎಷ್ಟು ಬರ್ತೈತಿ ಅಂತ ಬೇಕಾದ್ರೆ:

ನೀ = (75 × ದಕ್ಷ × ಹೆಚ್‌ಪಿ)/ಎ

7.5 ಹೆಚ್‌ಪಿ, ದಕ್ಷತೆ 0.5, ಎತ್ತರ 150 ಮೀಟರ್: 281.25/150 = 1.875. ಗಂಟೆಗೆ 6,750 ಲೀಟರ್. ನಮ್ಮ ಕಡೆ ಯಾರೂ ಆಳ ಮೀಟರಿನಾಗೆ ಹೇಳಂಗಿಲ್ಲ, ಅಡಿ ಲೆಕ್ಕ. 500 ಅಡಿ ಅಂತ ಹಂಗೇ ಹಾಕಿದ್ರೆ 0.56 ಬರ್ತೈತಿ, ನಿಜಕ್ಕಿಂತ ಮೂರು ಪಟ್ಟಿಗೂ ಮೇಲೆ ಕಡಿಮೆ. ಅಡಿ ಬೇಕಂದ್ರೆ 75 ಅನ್ನೇ ಬದಲಿಸಬೇಕು. ಒಂದು ಅಡಿ 0.3048 ಮೀಟರ್, 75/0.3048 ಅಂದ್ರೆ 246. ಹಂಗಾಗಿ ನೀ = (246 × ದಕ್ಷ × ಹೆಚ್‌ಪಿ)/ಅಡಿ. 500 ಅಡಿಗೆ 1.845, ಗಂಟೆಗೆ ಸುಮಾರು 6,640 ಲೀಟರ್. ಕೆಲವು ಪಟ್ಟಿಯಾಗೆ 75ರ ಬದಲು 76 ಇರ್ತೈತಿ. ಒಂದು ಹೆಚ್‌ಪಿಗೆ 735.5 ವ್ಯಾಟ್ ಹಿಡಿದ್ರೆ 75, 746 ವ್ಯಾಟ್ ಹಿಡಿದ್ರೆ 76. ಎರಡೂ ತಪ್ಪಲ್ಲ, ಬೆರೆಸಬಾರದು ಅಷ್ಟೆ.

ಅದೇ ಸೂತ್ರದಿಂದ ದಕ್ಷತೆ ಬೇಕಂದ್ರೆ ದಕ್ಷ = (ನೀ × ಎ)/(75 × ಹೆಚ್‌ಪಿ). 200 ಲೀಟರ್ ಡ್ರಮ್ಮು 100 ಸೆಕೆಂಡಿಗೆ ತುಂಬಿದ್ರೆ ಸೆಕೆಂಡಿಗೆ 2 ಲೀಟರ್. ಎತ್ತರ 140 ಮೀಟರ್, 7.5 ಹೆಚ್‌ಪಿ: 280/562.5, ಅಂದ್ರೆ 0.498. ದಕ್ಷತೆ 1ಕ್ಕಿಂತ ಜಾಸ್ತಿ ಬಂತು ಅಂದ್ರೆ ಮೊದಲು ಅಡಿ-ಮೀಟರ್ ನೋಡ್ರಿ. ಎತ್ತರ ಅಂದ್ರೆ ಬೋರಿನ ಪೂರ್ತಿ ಆಳ ಅಲ್ಲ ಅನ್ನೋದೂ ನೆನಪಿರಲಿ: ಮೋಟರ್ ಓಡುವಾಗ ನೀರು ನಿಲ್ಲೋ ಮಟ್ಟದಿಂದ ನೀರು ಬೀಳೋ ಜಾಗದ ತನಕ, ಅದರ ಮೇಲೆ ಪೈಪಿನ ಘರ್ಷಣೆಯ ನಷ್ಟ ಸೇರಿಸಬೇಕು. ಬೋರಿನ ಆಳ ಹಾಕಿದ್ರೆ ದಕ್ಷತೆ ಸುಳ್ಳೇ ಮೇಲೇರ್ತೈತಿ.

ನಿಮ್ಮ ಇನ್ನೊಂದು ಪ್ರಶ್ನೆಗೆ ನನ್ನ ಉತ್ತರ: ಒಂದೇ ಸಲದ ಲೆಕ್ಕ ಆದ್ರೆ ಬೆಲೆ ಹಾಕಿ ಬಿಡಿಸ್ರಿ. 300 ಅಡಿಯಿಂದ 800 ಅಡಿ ತನಕ ಐವತ್ತೈವತ್ತು ಅಡಿಗೆ ಒಂದು ಪಟ್ಟಿ ಮಾಡಬೇಕಂದ್ರೆ ಮೊದಲು ಸೂತ್ರ ತಿರುಗಿಸಿಕೊಳ್ಳೋದೇ ದಾರಿ.

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ):

ಘಾತ ದೊಡ್ಡದಾದಾಗ ಏನಾಗುತ್ತದೆ ಎನ್ನುವುದಕ್ಕೆ ಗಾಳಿಯಂತ್ರದ ಸೂತ್ರ ಒಳ್ಳೆಯ ಉದಾಹರಣೆ. ದುರ್ಗದ ಮಕ್ಕಳಿಗೆ ಗುಡ್ಡದ ಮೇಲೆ ದಿನಾ ಕಾಣುವ ವಸ್ತು.

ಶ = ½ × ಗುಣ × ಸಾಂ × ವಿ × ವೇ³

ಶ ಶಕ್ತಿ ವ್ಯಾಟ್‌ನಲ್ಲಿ, ಸಾಂ ಗಾಳಿಯ ಸಾಂದ್ರತೆ, ವಿ ರೆಕ್ಕೆಗಳು ಸುತ್ತುವ ವೃತ್ತದ ವಿಸ್ತೀರ್ಣ, ವೇ ಗಾಳಿಯ ವೇಗ. 'ಗುಣ' ಎಂದರೆ ಗಾಳಿಯ ಶಕ್ತಿಯಲ್ಲಿ ಯಂತ್ರ ಹಿಡಿದುಕೊಳ್ಳುವ ಪಾಲು. ಅದು 16/27, ಅಂದರೆ 0.593 ದಾಟಲು ಸಾಧ್ಯವಿಲ್ಲ. ವೇಗ ಒಂಟಿ ಮಾಡಿದರೆ:

ವೇ = ∛((2 × ಶ)/(ಗುಣ × ಸಾಂ × ವಿ))

ರೆಕ್ಕೆಯ ವ್ಯಾಸ 80 ಮೀಟರ್ ಇದ್ದರೆ ವಿಸ್ತೀರ್ಣ 5,027 ಚದರ ಮೀಟರ್. ಗುಣ 0.4, ಸಾಂದ್ರತೆ 1.1, ಶಕ್ತಿ 10 ಲಕ್ಷ ವ್ಯಾಟ್ ಎಂದಿಟ್ಟುಕೊಳ್ಳಿ. ಒಳಗಿನದು 904, ಘನಮೂಲ 9.67. ಸೆಕೆಂಡಿಗೆ 9.67 ಮೀಟರ್ ಗಾಳಿ ಬೇಕು. ಅರ್ಧವನ್ನು ಬಿಚ್ಚಲು ಮರೆತು 2 ಬಿಟ್ಟರೆ 7.68 ಬರುತ್ತದೆ. ಇದು ನೋಡಲು ನಂಬುವ ಹಾಗೇ ಇದೆ, ಅದೇ ಅಪಾಯ. ಮೂಲ ತೆಗೆಯುವಾಗ ತಪ್ಪುಗಳು ಕುಗ್ಗಿ ಅಡಗುತ್ತವೆ, ಆದ್ದರಿಂದ "ಉತ್ತರ ಸುಮಾರಾಗಿ ಸರಿ ಕಾಣುತ್ತದೆ" ಎಂಬುದನ್ನು ನಂಬಬೇಡಿ. ಬಂದ ವೇಗವನ್ನು ಮೂಲ ಸೂತ್ರಕ್ಕೇ ವಾಪಸ್ ಹಾಕಿ ನೋಡಿ. 7.68 ಹಾಕಿದರೆ ಶಕ್ತಿ 5 ಲಕ್ಷಕ್ಕೆ ಇಳಿಯುತ್ತದೆ, ಗುಟ್ಟು ರಟ್ಟಾಗುತ್ತದೆ.

ಘನಮೂಲಕ್ಕೆ ಒಂದೇ ವಾಸ್ತವ ಉತ್ತರ. ವರ್ಗಮೂಲಕ್ಕೆ ಎರಡು, ಧನ ಮತ್ತು ಋಣ. ಉದ್ದ, ವಿಸ್ತೀರ್ಣ, ರೋಧ ಇಂಥವಕ್ಕೆ ಧನ ಮಾತ್ರ. ಆದರೆ ಆರಂಭಿಕ ವೇಗ ಋಣವೂ ಆಗಬಹುದು. ಮೇಲಕ್ಕೆ ಎಸೆದದ್ದೋ ಕೆಳಕ್ಕೆ ಎಸೆದದ್ದೋ ಎಂದು ಲೆಕ್ಕದ ಮಾತನ್ನು ಓದಿ ಆರಿಸಬೇಕು. ಕೋಟೆನಾಡು ಅವರು ಬರೆದ ಆ = √(…) ಮುಂದೆ ಪಿಯುಸಿ ಮಕ್ಕಳಿಗೆ ± ಹಾಕಿಸಿ, ಆಮೇಲೆ ಕಾರಣ ಹೇಳಿ ಒಂದನ್ನು ಕೈಬಿಡಿಸಿ.

ಪಿಜೆ_ಬಡಾವಣೆ_ಟ್ಯೂಷನ್:

ಎಲ್ಲರಿಗೂ ಧನ್ಯವಾದ. 2 ಇಟ್ಟು ತಾಳೆ ನೋಡಬಾರದು ಎಂಬುದನ್ನು ಇವತ್ತೇ ಬೋರ್ಡಿನ ಮೇಲೆ ಬರೆಯುತ್ತೇನೆ. ಎರಡು ಸಂಶಯ ಉಳಿದಿವೆ. ಸಮಾಂತರ ಶ್ರೇಢಿಯ ಮೊತ್ತದಲ್ಲಿ ಪದಗಳ ಸಂಖ್ಯೆ ಕೇಳಿದರೆ ಅಪವರ್ತನ ಹೊರಗೆ ತೆಗೆದರೂ ಒಂದೇ ಜಾಗಕ್ಕೆ ಬರುವುದಿಲ್ಲ. ಮತ್ತು ಅಕ್ಷರ ಅಂಶದಲ್ಲೂ ಛೇದದಲ್ಲೂ ಇದ್ದರೆ?

ಕೋಟೆನಾಡು_ಗಣಿತ:

ಎರಡನೆಯದು ಸುಲಭ, ಮೊದಲು ಅದನ್ನೇ ಮುಗಿಸೋಣ.

ಮ = (ನ + ಕ)/(ನ − ಪ)

'ನ' ಬೇಕು. ಛೇದದಿಂದ ಎರಡೂ ಬದಿ ಗುಣಿಸಿ, ಆವರಣ ಬಿಡಿಸಿ, 'ನ' ಇರುವ ಪದಗಳನ್ನೆಲ್ಲ ಒಂದು ಬದಿಗೆ, ಇಲ್ಲದವನ್ನು ಇನ್ನೊಂದು ಬದಿಗೆ ತನ್ನಿ, ಆಮೇಲೆ ಅಪವರ್ತನ.

ಮ × ನ − ಮ × ಪ = ನ + ಕ
ಮ × ನ − ನ = ಕ + ಮ × ಪ
ನ × (ಮ − 1) = ಕ + ಮ × ಪ
ನ = (ಕ + ಮ × ಪ)/(ಮ − 1)

ಮೂರನೆಯ ಸಾಲಿನಲ್ಲಿ ಒಂಟಿ 'ನ' ಹೊರಬಂದ ಮೇಲೆ ಅದರ ಜಾಗದಲ್ಲಿ 1 ಉಳಿಯುತ್ತದೆ. ಅದನ್ನು ಬಿಟ್ಟು "ನ × ಮ" ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು. ಕ = 7, ಪ = 3, ನ = 5 ಇಟ್ಟರೆ ಮ = 12/2 = 6. ಹಿಂದಕ್ಕೆ (7 + 18)/(6 − 1) = 5, ತಾಳೆಯಾಯಿತು. ಕೊನೆಯ ಸಾಲಿನಲ್ಲಿ (ಮ − 1) ಇಂದ ಭಾಗಿಸಿದ್ದೇವೆ, ಆದ್ದರಿಂದ ಮ = 1 ಆಗಬಾರದು ಎಂದು ಪಕ್ಕದಲ್ಲಿ ಬರೆಸಿ. ಅಕ್ಷರದಿಂದ ಭಾಗಿಸಿದ ಪ್ರತಿ ಸಾಲಿನಲ್ಲೂ "ಇದು ಸೊನ್ನೆ ಅಲ್ಲ" ಎಂಬ ಷರತ್ತು ಇರುತ್ತದೆ. ರೋಧದ ಸೂತ್ರದಲ್ಲಿ ರೋ₂ ಮತ್ತು ರೋ ಸಮವಾಗಬಾರದು ಎನ್ನುವುದೂ ಅದೇ.

ಇನ್ನು ಶ್ರೇಢಿ. ಮೊ = (ಸಂ/2) × [2 × ಅ + (ಸಂ − 1) × ವ್ಯ]. ಇಲ್ಲಿ ಅ ಮೊದಲ ಪದ, ವ್ಯ ಸಾಮಾನ್ಯ ವ್ಯತ್ಯಾಸ, ಸಂ ಪದಗಳ ಸಂಖ್ಯೆ. ವ್ಯತ್ಯಾಸ ಕೇಳಿದರೆ ಅದು ಒಂದೇ ಸಲ ಇದೆ, ಪಟ್ಟಿ ಬರೆದು ಬಿಚ್ಚಿ: 2ರಿಂದ ಗುಣಿಸಿ ಸಂ ಇಂದ ಭಾಗಿಸು, 2 × ಅ ಕಳೆ, (ಸಂ − 1) ಇಂದ ಭಾಗಿಸು.

ವ್ಯ = 2 × (ಮೊ − ಸಂ × ಅ)/(ಸಂ × (ಸಂ − 1))

ಮೊದಲ ಪದ 5, ಹತ್ತು ಪದ, ಮೊತ್ತ 185 ಆದರೆ 2 × 135/90 = 3.

ಪದಗಳ ಸಂಖ್ಯೆ ಕೇಳಿದರೆ 'ಸಂ' ಒಮ್ಮೆ ವರ್ಗವಾಗಿ, ಒಮ್ಮೆ ಬರಿಯದಾಗಿ ಬರುತ್ತದೆ. ಅಪವರ್ತನದಿಂದ ಆಗದು. ಬೇರೆ ಬೇರೆ ಘಾತದಲ್ಲಿದ್ದರೆ ಅದು ವರ್ಗ ಸಮೀಕರಣ ಎಂದು ಗುರುತಿಸಿ ಎಲ್ಲವನ್ನೂ ಒಂದು ಬದಿಗೆ ತಂದು ಸೊನ್ನೆಗೆ ಸಮ ಮಾಡಬೇಕು:

ವ್ಯ × ಸಂ² + (2 × ಅ − ವ್ಯ) × ಸಂ − 2 × ಮೊ = 0

ಮೇಲಿನ ಬೆಲೆಗಳಿಗೆ 3ಸಂ² + 7ಸಂ − 370 = 0. ಶೋಧಕ (ವರ್ಗ ಸಮೀಕರಣದ ಸೂತ್ರದಲ್ಲಿ ವರ್ಗಮೂಲದೊಳಗೆ ಬರುವ ಬೆಲೆ) 49 + 4,440 = 4,489, ಅಂದರೆ 67ರ ವರ್ಗ. ಸಂ = (−7 + 67)/6 = 10. ಇನ್ನೊಂದು ಮೂಲ −74/6. ಪದಗಳ ಸಂಖ್ಯೆ ಋಣವೂ ಆಗದು, ಭಿನ್ನರಾಶಿಯೂ ಆಗದು. ಸಿಲಿಂಡರಿನ ಪೂರ್ಣ ಮೇಲ್ಮೈ ವಿಸ್ತೀರ್ಣದಿಂದ ತ್ರಿಜ್ಯ ಕೇಳಿದಾಗಲೂ ಇದೇ ದಾರಿ. ಎತ್ತರ ಕೇಳಿದರೆ ವರ್ಗ ಸಮೀಕರಣ ಬೇಡ.

ಬೆಲೆ ಮೊದಲೋ ಸೂತ್ರ ಮೊದಲೋ ಎಂಬುದಕ್ಕೆ ಬೋರ್‌ವೆಲ್ ಅವರ ಮಾತು ಒಪ್ಪುತ್ತೇನೆ. ಪರೀಕ್ಷೆಗೆ ಇನ್ನೂ ಒಂದು ಮಾತು: ಅಕ್ಷರ ಎರಡು ಜಾಗದಲ್ಲಿದ್ದಾಗ ಬಲವಿಲ್ಲದ ಮಕ್ಕಳಿಗೆ ಬೆಲೆ ಮೊದಲು ಹಾಕುವುದೇ ಕ್ಷೇಮ. 59,000 = ಅ + 0.18ಅ = 1.18ಅ ಎನ್ನುವುದು ಅವರಿಗೆ ಕೂಡಲೇ ತಿಳಿಯುತ್ತದೆ. ಅದೇ ಸಾಲಿನಲ್ಲಿ 0.18 ಬದಲು ದ × ಕಾ/100 ಇಟ್ಟು ತೋರಿಸಿದರೆ ಸೂತ್ರವೂ ಅಲ್ಲೇ ಸಿಗುತ್ತದೆ.

ಭದ್ರಾ_ನಾಲೆ (ದಾವಣಗೆರೆ):

ಒಂಟಿ ಮಾಡಲು ಬಾರದ ಸೂತ್ರಗಳೂ ಇವೆ ಎಂದು ಪಿಯುಸಿ ಮಕ್ಕಳಿಗಾದರೂ ಹೇಳಿ. ಇಲ್ಲದಿದ್ದರೆ ಆಗದ್ದಕ್ಕೆ ಹೆಣಗುತ್ತಾರೆ.

ನಾಲೆಯಲ್ಲಿ ನೀರು ಅಳೆಯಲು ಆಯತಾಕಾರದ ಕಂಡಿ ಇಡುತ್ತೇವೆ. ಕಂಡಿ ಕಾಲುವೆಯಷ್ಟೇ ಅಗಲವಿದ್ದರೆ ಹರಿವಿನ ಸೂತ್ರ:

ಹ = 1.84 × ಅಗ × ಎ^(3/2)

ಹ ಸೆಕೆಂಡಿಗೆ ಘನ ಮೀಟರ್, ಅಗ ಅಗಲ, ಎ ಕಂಡಿಯ ಅಂಚಿನ ಮೇಲೆ ನೀರಿನ ಎತ್ತರ, ಎರಡೂ ಮೀಟರಿನಲ್ಲಿ. ಎತ್ತರ ಬೇಕಾದರೆ 1.84 × ಅಗ ಇಂದ ಭಾಗಿಸಿ, ಘಾತಾಂಕದ ವ್ಯುತ್ಕ್ರಮ ಹಾಕಬೇಕು:

ಎ = (ಹ/(1.84 × ಅಗ))^(2/3)

60 ಸೆಂಟಿಮೀಟರ್ ಕಂಡಿಯಲ್ಲಿ ಸೆಕೆಂಡಿಗೆ 50 ಲೀಟರ್, ಅಂದರೆ 0.05 ಘನ ಮೀಟರ್ ಬಿಡಬೇಕಾದರೆ ಎ = 0.127, ಸುಮಾರು 12.7 ಸೆಂಟಿಮೀಟರ್. 2/3 ಬದಲು ಮತ್ತೆ 3/2 ಹಾಕಿದರೆ 1 ಸೆಂಟಿಮೀಟರಿಗೂ ಕಡಿಮೆ ಬರುತ್ತದೆ. ಕ್ಯಾಲ್ಕುಲೇಟರಿನಲ್ಲಿ 2 ÷ 3 ಅನ್ನು ಆವರಣದಲ್ಲಿ ಹಾಕದಿದ್ದರೆ ಅದು ವರ್ಗ ಮಾಡಿ 3ರಿಂದ ಭಾಗಿಸುತ್ತದೆ.

ಈಗ ಕಂಡಿ ಕಾಲುವೆಗಿಂತ ಕಿರಿದು ಎಂದಿಟ್ಟುಕೊಳ್ಳಿ. ನೀರು ಎರಡೂ ಅಂಚಿನಲ್ಲಿ ಒಳಕ್ಕೆ ಕುಗ್ಗುವುದರಿಂದ ಅಗಲದ ಜಾಗದಲ್ಲಿ (ಅಗ − 0.2 × ಎ) ಬರುತ್ತದೆ. ಎತ್ತರ ಈಗ ಎರಡು ಜಾಗದಲ್ಲಿದೆ, ಘಾತವೂ ಬೇರೆ. ವರ್ಗ ಮಾಡಿ ಬಿಡಿಸಿದರೆ ಐದನೇ ಘಾತದ ಸಮೀಕರಣವಾಗುತ್ತದೆ. ಅದಕ್ಕೆ ಕೈಗೆಟುಕುವ ಸೂತ್ರ ಇಲ್ಲ. ಹಾಗಾಗಿ ಅರೆಬರೆ ಒಂಟಿ ಮಾಡಿ ಸುತ್ತು ಹಾಕಿಸುತ್ತೇವೆ:

ಎ = (ಹ/(1.84 × (ಅಗ − 0.2 × ಎ)))^(2/3)

ಬಲಬದಿಯಲ್ಲಿ ಮೊದಲಿನ 0.127 ಹಾಕಿದರೆ 0.1308. ಅದನ್ನೇ ಮತ್ತೆ ಹಾಕಿದರೆ 0.1309. ಮುಂದೆ ಹಾಕಿದರೂ ಅಲ್ಲಾಡುವುದಿಲ್ಲ, 13.1 ಸೆಂಟಿಮೀಟರ್ ಎಂದು ಗುರುತು ಹಾಕಬಹುದು. ಬಲಬದಿಯಲ್ಲಿ ಬೇಕಾದ ಅಕ್ಷರ ಉಳಿಯಬಾರದು ಎಂಬ ನಿಯಮ ಅಂತಿಮ ಉತ್ತರಕ್ಕೆ. ಸುತ್ತು ಹಾಕುವಾಗ ಅದು ಬೇಕೆಂದೇ ಉಳಿಸಿದ್ದು. ತಿಂಗಳ ಕಂತಿನ ಸೂತ್ರದಲ್ಲಿ ಬಡ್ಡಿದರ ಕೇಳಿದರೂ ಹೀಗೇ ಮಾಡಬೇಕು, ಸ್ಪ್ರೆಡ್‌ಶೀಟ್ ಒಳಗೊಳಗೇ ಮಾಡುವುದೂ ಇಂಥದ್ದನ್ನೇ. ಚಕ್ರಬಡ್ಡಿಯಲ್ಲಿ ದರಕ್ಕೆ ಮೂಲ ಸಾಕು, ಕಾಲ ಬೇಕಾದರೆ ಲಾಗರಿದಮ್ ಬೇಕು.

ಕೋಟೆನಾಡು_ಗಣಿತ:

ನಾಲೆಯವರ ಉದಾಹರಣೆ ಚೆನ್ನಾಗಿದೆ, ಪಿಯುಸಿಗೆ ಇಟ್ಟುಕೊಳ್ಳಿ. ಹತ್ತನೇ ತರಗತಿಗೆ ಅಭ್ಯಾಸ ಕೊಡುವುದಾದರೆ ಈ ಕ್ರಮದಲ್ಲಿ ಕೊಡಿ. ಮೊದಲು ಆಯತದ ಸುತ್ತಳತೆಯಿಂದ ಅಗಲ. ಆಮೇಲೆ ತ್ರಾಪಿಜ್ಯ: ವಿ = ½ × (ಮೇ + ಕೆ) × ಎ ಇಂದ ಮೇಲಿನ ಬಾಹು, ಮೇ = 2 × ವಿ/ಎ − ಕೆ. 3, 7 ಬಾಹು, 4 ಎತ್ತರ ಇಟ್ಟರೆ ವಿಸ್ತೀರ್ಣ 20; ಹಿಂದಕ್ಕೆ 40/4 − 7 = 3. ನಂತರ ಶಂಕುವಿನ ಓರೆ ಎತ್ತರದಿಂದ ತ್ರಿಜ್ಯ, ಅಲ್ಲಿ ವರ್ಗಮೂಲ ಬರುತ್ತದೆ. ಆಮೇಲೆ ರೋಧಗಳು, ಬಡ್ಡಿಯ ಅಸಲು, ಕೊನೆಗೆ ಶ್ರೇಢಿಯ ಪದಗಳ ಸಂಖ್ಯೆ. ಪ್ರತಿ ಸಾಲಿನ ಬಲ ಅಂಚಿನಲ್ಲಿ ಆ ಸಾಲಿಗೆ ಮಾಡಿದ ಕ್ರಿಯೆಯನ್ನು ಬರೆಯಲೇಬೇಕು: "ಎರಡೂ ಬದಿ − ಕೆ", "ಎರಡೂ ಬದಿ ÷ ಎ" ಹೀಗೆ. ಇದನ್ನು ರೂಢಿಸಿಕೊಂಡವರು ಪಕ್ಷಾಂತರವನ್ನು ಎಷ್ಟು ಬೇಗ ಮಾಡಿದರೂ ದಾರಿ ತಪ್ಪುವುದಿಲ್ಲ. ಅಂಚು ಖಾಲಿ ಬಿಟ್ಟ ಪುಸ್ತಕದಲ್ಲಿ ತಪ್ಪು ಯಾವ ಸಾಲಿನಲ್ಲಾಯಿತು ಎಂದು ನೀವೇ ಹುಡುಕಬೇಕಾಗುತ್ತದೆ.